ನಮ್ಮ ಮನೆಯಲ್ಲಿ ಅಡಗಿದ್ದ ಮದುಮಗ

ನಾವು ರೌಂಡ್ ರಾಕ್‌ನಲ್ಲಿ ಮನೆ ಕೊಂಡ ಹೊಸತು. ನನ್ನ ಗಂಡನ ಆಫೀಸಿನಲ್ಲಿ ಒಬ್ಬ ಸರ್ಕೇಷಿಯನ್ ಗೆಳೆಯನಿದ್ದ. ಅವನ ಪೂರ್ವಿಕರು ಕಾಕಸಸ್ ಬೆಟ್ಟಗಳವರು. ಯುದ್ಧದಲ್ಲಿ ಊರು ಕಳೆದುಕೊಂಡು ಜೋರ್ಡಾನಿಗೆ ಬಂದು ನೆಲೆಸಿದವರು. ತನ್ನ ಮದುವೆ ನಿಶ್ಚಯವಾದ ಮೇಲೆ ಒಂದು ಸಂಜೆ ಅವನು ನಮ್ಮ ಮನೆಗೆ ಬಂದು, "ಮದುವೆ ಮುಗಿಯೋವರೆಗೂ ನಿಮ್ಮ ಮನೇಲಿ ಅಡಗಿಕೊಂಡಿರಬಹುದಾ?" ಎಂದು ಸಂಕೋಚದಿಂದ ಕೇಳಿದ.

ಅವರ ಹಳೆಯ ಪದ್ಧತಿಯಲ್ಲಿ ಮದುವೆಯ ಗದ್ದಲದ ನಡುವೆ ಮದುಮಗ ತನ್ನ ಮನೆಯ ಹಿರಿಯರ ಕಣ್ಣಿಗೆ ಬೀಳುವಂತಿಲ್ಲ. ಹುಡುಗಿಯನ್ನು ಮನೆ ತುಂಬಿಸಿಕೊಂಡು ಕುಣಿಯುವುದೆಲ್ಲ ನೆಂಟರ ಕೆಲಸ. ಅವನು ಗೆಳೆಯನ ಮನೆಯಲ್ಲಿರಬೇಕು. ಜೋರ್ಡಾನಿನ ಅಮ್ಮಾನಿನಿಂದ ಬಂದಿದ್ದ ಅವನ ಅಜ್ಜ ಇದನ್ನು ಬಿಡಕೂಡದೆಂದು ಪಟ್ಟು ಹಿಡಿದಿದ್ದರಂತೆ.

ಆಗ ಹುಬ್ಬಳ್ಳಿಯಿಂದ ನನ್ನ ಅತ್ತೆ ಬಂದಿದ್ದರು. ಮಗ ಎಷ್ಟು ಬಿಡಿಸಿ ಹೇಳಿದರೂ ಅವರು ನಂಬಲಿಲ್ಲ. "ಮದುವಿ ಮನ್ಯಾಗ ಮದುಮಗನ ಇಲ್ಲಂದ್ರ ಹ್ಯಾಂಗಪಾ? ಹುಡುಗ ಜಗಳಾ ಮಾಡ್ಕೊಂಡು ಬಂದಾನ. ಏನೂ ಕೇಳಬ್ಯಾಡ್ರಿ, ಮೊದಲ ಊಟಾ ಹಾಕ್ರಿ," ಎಂದರು. ಸೂಟ್‌ಕೇಸಿನಲ್ಲಿ ತಂದಿದ್ದ ಜೋಳದ ಹಿಟ್ಟೆಲ್ಲ ಅವನ ರೊಟ್ಟಿಗೇ ಖರ್ಚಾಯಿತು.

ಕಷ್ಟವೆಂದರೆ ಅತ್ತೆ ಎದುರಿಗೆ ಬಂದಾಗಲೆಲ್ಲ ಅವನು ಎದ್ದು ನಿಲ್ಲುತ್ತಿದ್ದ. ಹಿರಿಯರ ಮುಂದೆ ಕೂರಬಾರದಂತೆ. "ಕೂಡಪಾ, ಕೂಡು" ಎಂದರೂ ಕೇಳುತ್ತಿರಲಿಲ್ಲ. ಅವನು ನೆಮ್ಮದಿಯಾಗಿ ಉಣ್ಣಲಿ ಎಂದು ಅತ್ತೆಯೇ ಅಡುಗೆಮನೆಯಲ್ಲಿ ಉಳಿದು ಬಿಸಿ ರೊಟ್ಟಿಯನ್ನು ನನ್ನ ಕೈಯಲ್ಲಿ ಕಳಿಸುತ್ತಿದ್ದರು. ಹಿಂದೆ ತಮ್ಮಲ್ಲಿ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲವೆಂದು ಅವನು ಹೇಳಿದ್ದನ್ನು ನಾನು ಅತ್ತೆಗೆ ತಿಳಿಸಿದೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಕ್ಕರು. "ನಾನೂ ಇವತ್ತಿನ ತನಕ ಹೇಳಿಲ್ಲ. ಹಂಗಾರ ಈ ಹುಡುಗ ಖರೇನ ಹೇಳಾಕತ್ತಾನ ಬಿಡು."

ಮದುಮಗನನ್ನು ಹಿಂದಕ್ಕೆ ಒಪ್ಪಿಸುವ ದಿನ ನೆಂಟರು ಅಕಾರ್ಡಿಯನ್ ನುಡಿಸುತ್ತ, ಚಪ್ಪಾಳೆ ತಟ್ಟುತ್ತ ಬಂದರು. ನಮ್ಮನ್ನೂ ಕರೆದುಕೊಂಡು ಹತ್ತಿರದ ಸೀಡರ್ ಪಾರ್ಕ್ ಊರಿನ ಅವರ ಮನೆಗೆ ಹೋದರು. ಹಿರಿಯರು ಸಿಟ್ಟಿನ ಮುಖ ಮಾಡಿ, "ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ?" ಎಂದು ಗದರಿಸಿದರು. ಅವನು ತಲೆ ತಗ್ಗಿಸಿ ನಿಂತ. ಅದೂ ಪದ್ಧತಿಯೇ. ಕೊನೆಗೆ ಅಜ್ಜ ಬೆನ್ನು ತಟ್ಟಿದ್ದೇ ತಡ, ಮನೆಯೆಲ್ಲ ನಗು.

ಅಜ್ಜ ಅತ್ತೆಯನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮುಂದೆ ಜೇನುತುಪ್ಪದ ಜಾಡಿ ಇಟ್ಟರು. ಮೊಮ್ಮಗ ಅವರ ಮಾತನ್ನು ಇಂಗ್ಲಿಷಿಗೆ, ನನ್ನ ಗಂಡ ಕನ್ನಡಕ್ಕೆ ದಾಟಿಸಿದರು. "ನಮ್ಮ ಬೆಟ್ಟದಲ್ಲಿ ಆಗ ನಾಣ್ಯದ ಬಳಕೆ ಕಡಿಮೆ. ವ್ಯಾಪಾರಿಗಳು ಸಮುದ್ರದ ಕಡೆಯಿಂದ ಉಪ್ಪು, ಬಟ್ಟೆ ತರುತ್ತಿದ್ದರು. ನಮ್ಮವರು ಜೇನುತುಪ್ಪ, ಮೇಣ, ತೊಗಲು ಕೊಡುತ್ತಿದ್ದರು. ಒಂದು ಮನೆಯ ಅತಿಥಿಯಾಗದೆ ಯಾವ ವ್ಯಾಪಾರಿಯೂ ಒಳನಾಡಿಗೆ ಬರುತ್ತಿರಲಿಲ್ಲ. ಅವನ ಜೀವಕ್ಕೂ ಸರಕಿಗೂ ಆ ಮನೆಯೇ ಹೊಣೆ. ಇವನಿಗೆ ನೀವು ಅಂಥ ಮನೆಯಾದಿರಿ. ಇನ್ನು ನಾವು ನೆಂಟರು."

ಅತ್ತೆ ಸೆರಗು ಸರಿಮಾಡಿಕೊಂಡರು. "ನಮ್ಮ ಕಡೆ ಲಂಬಾಣಿಗರು ಎತ್ತಿನ ಮ್ಯಾಲ ಉಪ್ಪು ಹೇರ್ಕೊಂಡು ಬರ್ತಿದ್ರಂತ್ರಿ. ನಮ್ಮಜ್ಜಿ ಹೇಳ್ತಿದ್ಲು," ಎಂದರು. ಆಮೇಲೆ ಇಬ್ಬರೂ ಎತ್ತು, ಕುದುರೆ ಎಂದು ಮಾತಿಗೆ ಬಿದ್ದರು. ಊಟ ಆರಿಹೋಯಿತು.

ಮದುಮಗನೂ ಹೆಂಡತಿಯೂ ಮುಂದೆ ಹ್ಯೂಸ್ಟನ್‌ಗೆ ಶಿಫ್ಟ್ ಆದರು. ಮಗಳು ಹುಟ್ಟಿದಾಗ ಅವನು ನಮಗಿಂತ ಮೊದಲು ಹುಬ್ಬಳ್ಳಿಯಲ್ಲಿದ್ದ ಅತ್ತೆಗೆ ಫೋನ್ ಮಾಡಿದ್ದ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೂ ಕೂಸು ಯಾರನ್ನು ಹೋಲುತ್ತದೆಂದು ಅವನು ತಮಗೆ ಹೇಳಿದನೆಂದೇ ಅತ್ತೆ ಸಾಧಿಸಿದರು.