ಜೇನುಪೆಟ್ಟಿಗಿಯ ಬಾಗಿಲು

ಅವತ್ತಿನ ಸಿಟ್ಟು ನನಗಿನ್ನೂ ಇಳಿದಿಲ್ಲ ನೋಡ್ರಿ. ರೇಡಿಯೋದಾಗ ಜೇನುಸಾಕಣಿ ವಿಷಯ ಕೇಳಿ ಹುರುಪು ಬಂದು, ನಿಪ್ಪಾಣಿಯಿಂದ ಮುರುಕ ಚಹಾಪುಡಿ ಪೆಟ್ಟಿಗಿ ತಂದು, ಅದರ ಪ್ಲೈವುಡ್ ಕೊಯ್ದು ಕೈಯಾರೆ ಜೇನುಪೆಟ್ಟಿಗಿ ಮಾಡಿದ್ದೆ. ಮುಚ್ಚಳ ಮಾತ್ರ ಸರಿಯಾಗಿ ಕೂಡಲಿಲ್ಲ. ಅದಷ್ಟ ಸರಿ ಮಾಡಂತ ನಮ್ಮ ಕರೋಶಿಯ ಬಡಿಗೇರಗ ಕೊಟ್ಟೆ.

ಸಂಜಿಗೆ ಹೋಗಿ ನೋಡಿದ್ರ, ಮುಚ್ಚಳ ಗಟ್ಟಿ ಕುಂತೈತಿ ಖರೆ. ಆದರ ಹುಳ ಒಳಗ ಹೋಗಲಿ ಅಂತ ನಾ ತಳದಾಗ ಬಿಟ್ಟಿದ್ದ ಸಂದಿಗೆ ಅಂವ ಪುಟ್ಟಿ ಮೆತ್ತಿ, ಮ್ಯಾಲ ಹಸಿರು ಬಣ್ಣ ಬಳದಾನ!

“ಇದನ್ಯಾಕ ಮುಚ್ಚಿದ್ಯೋ ಮಾರಾಯಾ?”

“ಸಂದಿ ಬಿಟ್ರ ಜೇನುತುಪ್ಪಕ್ಕ ಇರಿವಿ ಹತ್ತತಾವಲ್ರಿ!”

“ಮತ್ತ ಜೇನುಹುಳ ಎಲ್ಲಿಂದ ಒಳಗ ಹೋಗಬೇಕು?”

ಅಂವ ಹಲಗಿ ಕೀಸೂದು ಬಿಡಲಿಲ್ಲ. “ಅವು ಬಂದ ಮ್ಯಾಲ ಹೇಳಿ ಕಳಸ್ರಿ. ಬಂದು ಕೊರದು ಕೊಡ್ತೀನಿ.”

ಅಲ್ಲೀತನಕ ಹುಳಕ್ಕ ನಾ ಅಂಗಳದಾಗ ಚಾಪಿ ಹಾಸಿ, ಚಹಾ ಕೊಟ್ಟು ಕುಂಡ್ರಸಬೇಕೇನ್ರಿ?