ನನ್ನ ಸಾವಿಗೆ ಯಾರೂ ಹೊಣೆಯಲ್ಲವಂತೆ

ಸ್ನೇಹಿತರೇ, ಇಂದು ಬೆಳಿಗ್ಗೆ ಕೂನೂರಿನ ಒಂದು ಸಭಾಂಗಣದಲ್ಲಿ, ವೈದ್ಯರ ಕಣ್ಣೆದುರೇ ನನ್ನನ್ನು ಕೊಲ್ಲಲಾಯಿತು.

ತುರ್ತು ಚಿಕಿತ್ಸೆಯನ್ನು ನಾಟಕದಂತೆ ಆಡಿಸಿ ಕಿರಿಯ ವೈದ್ಯರಿಗೆ ಕಲಿಸುವ ತರಬೇತಿ ಅದು. ಘಾಟಿಯಲ್ಲಿ ಮರ ಬಿದ್ದು, ರೋಗಿಯಾಗಬೇಕಿದ್ದ ಬೊಂಬೆ ದಾರಿಯಲ್ಲೇ ಉಳಿಯಿತು. ನೋಡಲು ಹೋಗಿದ್ದ ನನ್ನನ್ನೇ ಮಂಚದ ಮೇಲೆ ಮಲಗಿಸಿದರು. ಜೊತೆಗೆ ಬಂದಿದ್ದ ನನ್ನ ಹೆಂಡತಿ ರೋಗಿಯ ಕಡೆಯವಳಾದಳು. ಪೆನಿಸಿಲಿನ್ ನನಗೆ ಆಗದು ಎಂದು ಹೇಳುವುದಷ್ಟೇ ನನ್ನ ಪಾತ್ರ. ಸ್ಪಷ್ಟವಾಗಿಯೇ ಹೇಳಿದೆ.

"ಸರಿ ಅಯ್ಯಾ, ಮಾತಾಡದೆ ಮಲಗಿ" ಎಂದ ಯುವ ವೈದ್ಯೆ ಆ ಪೆನಿಸಿಲಿನ್ನನ್ನೇ ಚುಚ್ಚಿದಂತೆ ನಟಿಸಿದಳು. "ರೋಗಿ ತೀರಿಕೊಂಡರು" ಎಂದು ಹಿರಿಯ ವೈದ್ಯರು ಘೋಷಿಸಿದರು.

ಆಮೇಲೆ ಎಲ್ಲರೂ ಸುತ್ತ ಕುಳಿತು, ತಮತಮಗೆ ಹೇಗನಿಸಿತು ಎಂದು ಹೇಳಿಕೊಂಡರು. ಸತ್ತವನನ್ನು ಯಾರೂ ಕೇಳಲಿಲ್ಲ. ಆ ವೈದ್ಯೆ ಕಣ್ಣೀರಿಟ್ಟಳು. ನನ್ನ ಹೆಂಡತಿ ಅವಳ ತಲೆ ಸವರಿ, "ಅಳಬೇಡ ಕೂಸೇ. ಇವರು ಒಂದೇ ಸಮ ಮಾತಾಡ್ತಾರೆ. ಯಾವುದನ್ನ ಕೇಳಬೇಕು, ಯಾವುದನ್ನ ಬಿಡಬೇಕು ಅಂತ ನನಗೇ ಇನ್ನೂ ಗೊತ್ತಾಗಿಲ್ಲ" ಎಂದಳು.

"ಹಾಗಾದರೆ ತಪ್ಪು ಯಾರದ್ದು?" ಎಂದು ನಾನು ಮಂಚದಿಂದಲೇ ಕೂಗಿದೆ.

"ಇಲ್ಲಿ ಯಾವ ವ್ಯಕ್ತಿಯನ್ನೂ ದೂರೋದಿಲ್ಲ ಸಾರ್. ತಪ್ಪು ವ್ಯವಸ್ಥೆಯದ್ದು" ಎಂದರು ಹಿರಿಯರು. ನಮ್ಮ ಬೀದಿಯ ತಡೆಗೋಡೆ ಕಟ್ಟಿದ ವರ್ಷವೇ ಕುಸಿದಾಗಲೂ ನನಗೆ ಇದೇ ಉತ್ತರ ಸಿಕ್ಕಿತ್ತು.

ನಾಳೆ ಕಾಡೆಮ್ಮೆ ತಿವಿದ ರೋಗಿ ಬೇಕಂತೆ, ನನ್ನನ್ನೇ ಕರೆದಿದ್ದಾರೆ. ಸಾಯಲು ನಾನು ಸಿದ್ಧ. ಅದಕ್ಕೆ ಮೊದಲು, ಇಂದು ನನ್ನನ್ನು ಕೊಂದ ಆ ವ್ಯವಸ್ಥೆ ಎಂಬಾತ ಯಾರು ಎಂದು ಈ ಪೋಸ್ಟಿನ ಕೆಳಗೇ, ಎಲ್ಲರಿಗೂ ಕಾಣುವಂತೆ ಉತ್ತರ ಕೊಡಲಿ.