ಶಂಕರಲಿಂಗ ಹೆಂಡತಿಯನ್ನು ಇಳಿಸಿ ಹೋದದ್ದು

ವಾಸ್ಕೋ ರೈಲ್ವೆ ಸ್ಟೇಷನ್ನಿನ ಎದುರು ಹಳದಿ ಮಡ್‌ಗಾರ್ಡಿನ ಮೋಟಾರ್‌ಸೈಕಲ್ ನಿಲ್ಲಿಸಿಕೊಂಡು ಬಾಡಿಗೆಗೆ ಕಾಯುವವರನ್ನು ಗೋವೆಯಲ್ಲಿ ಪಾಯಲಟ್ ಎನ್ನುತ್ತಾರೆ. ಗಿರಾಕಿಯನ್ನು ಹಿಂದೆ ಕೂರಿಸಿಕೊಳ್ಳುವುದು, ಹೇಳಿದ ಕಡೆ ಬಿಡುವುದು, ತಿರುಗಿ ಬರುವುದು, ಇಷ್ಟೇ ಕೆಲಸ. ಹುನಗುಂದದ ಕಡೆಯ ಶಂಕರಲಿಂಗ ಇದನ್ನು ದೊಡ್ಡ ವಿದ್ಯೆ ಎಂದೇ ತಿಳಿದಿದ್ದ. ಬೆನ್ನ ಹಿಂದಿನ ಭಾರದಿಂದಲೇ, ಕೂತವರು ಯಾವ ಸೀಮೆಯವರು, ಹೊಟ್ಟೆತುಂಬ ಉಂಡಿದ್ದಾರೋ ಉಪವಾಸವೋ, ಎಲ್ಲ ಹೇಳಬಲ್ಲೆ ಎಂದು ಸ್ಟ್ಯಾಂಡಿನಲ್ಲಿ ಕೊಚ್ಚಿಕೊಳ್ಳುತ್ತಿದ್ದ. ಪಕ್ಕದ ಪಾಯಲಟ್ ಹುಸೇನಸಾಬ ಮಾತ್ರ, "ಆತು ಬಿಡೋ, ನೀ ತಕ್ಕಡಿ ಇದ್ದಂಗ," ಎಂದು ಬೀಡಿ ಹಚ್ಚುತ್ತಿದ್ದ.

ಇಂಥ ತಕ್ಕಡಿಗೆ ಮನೆಯಲ್ಲಿ ಕವಡೆ ಕಿಮ್ಮತ್ತಿರಲಿಲ್ಲ. 2007ರ ದೀಪಾವಳಿ ಮುಗಿಸಿ ಅವನು ಹೆಂಡತಿ ಹುಲಿಗೆಮ್ಮನನ್ನೂ ನಾಲ್ಕು ವರ್ಷದ ಮಗಳು ಮಂಗಲಾಳನ್ನೂ ಊರಿನಿಂದ ಕರೆತಂದಿದ್ದ. ಅಲ್ಲಿಯವರೆಗೆ ಅಪ್ಪನೆಂದರೆ ಆ ಮಗುವಿಗೆ ಹಬ್ಬಕ್ಕೊಮ್ಮೆ ಬಂದು ಕೆನ್ನೆ ಹಿಂಡಿ ಹೋಗುವ ಒಬ್ಬ ಗಂಡಸು. ಈಗ ಆ ಗಂಡಸು ದಿನವೂ ಬರತೊಡಗಿದ್ದು ಅವಳಿಗೆ ಸುತರಾಂ ಹಿಡಿಸಲಿಲ್ಲ. ಅವನು ಖೋಲಿಗೆ ಕಾಲಿಟ್ಟನೆಂದರೆ ತಾಯಿಯ ಸೆರಗಿನಲ್ಲಿ ಮುಖ ಹುದುಗಿಸಿ ಕೇಳುತ್ತಿದ್ದಳು, "ಅವ್ವಾ, ಅಂವಾ ಯಾವಾಗ ಹೊಕ್ಕಾನ?"

ಹುಲಿಗೆಮ್ಮ ಒಗಟಿನ ಹೆಂಗಸಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. "ಸಂಕ್ರಮಣದ ತನಕ ನೋಡೂಣ್ರಿ. ಕೂಸು ನಿಮಗ ಹೊಂದ್ಕೊಂಡ್ರ ಇಲ್ಲೇ ಇರ್ತೀವಿ. ಇಲ್ಲಂದ್ರ ಊರಿಗೆ ಹೊಕ್ಕೀವಿ. ದಿನಾ ಅಂಜಿ ಅಳೂ ಕೂಸಿನ್ನ ಕಟ್ಕೊಂಡು ನಾ ಹೆಂಗ ಬಾಳೇ ಮಾಡ್ಲಿ?"

ಆ ವರ್ಷ ಗೋವೆಗೂ ಚಳಿ ಬಂದಿತ್ತು. ಸಮುದ್ರದ ಊರಲ್ಲಿ ಜನ ಸ್ವೆಟರ್ ಹುಡುಕಿಕೊಂಡು ಓಡಾಡಿದರು. ಮಗಳ ಮನಸ್ಸು ಗೆಲ್ಲಲು ಶಂಕರಲಿಂಗ ಹಿಡಿದ ದಾರಿ ತಿರುಗಾಟ. ಊರವರನ್ನೆಲ್ಲ ಸುತ್ತಿಸುವವನು ಸ್ವಂತ ಮಗಳನ್ನು ಸುತ್ತಿಸಲಾರನೇ? ಹಾಗಂತ ಮೊದಲ ಭಾನುವಾರ ಬೆಳ್ಳಂಬೆಳಗ್ಗೆ ತಾಯಿ ಮಗಳಿಬ್ಬರನ್ನೂ ಬಂದರಿಗೆ ಕರೆದೊಯ್ದ. ಗಾಳಿಗೆ ಹಲ್ಲು ಕಟಕಟ ಎನ್ನುವಾಗ ಒಂದೊಂದೇ ಹಡಗು ತೋರಿಸಿ ಅದು ಯಾವ ದೇಶದ್ದು, ಎಷ್ಟು ಅದಿರು ಹೊರುತ್ತದೆ ಎಂದು ಗೊತ್ತಿದ್ದದ್ದೂ ಗೊತ್ತಿಲ್ಲದ್ದೂ ಎಲ್ಲ ಹೇಳಿದ. ಮಂಗಲಾ ಅಷ್ಟೂ ಹೊತ್ತು ಬಲೆಯ ಮೇಲೆ ಮುದುಡಿ ಮಲಗಿದ್ದ ನಾಯಿಯನ್ನು ನೋಡುತ್ತಿದ್ದಳು. ನಾಯಿಯ ವಿಷಯ ಇವನಿಗೆ ಏನೂ ಗೊತ್ತಿರಲಿಲ್ಲ.

ಎರಡನೆಯ ಸಲ ಮ್ಹಾಪಸಾದ ಶುಕ್ರವಾರದ ಸಂತೆ. ಹೆಂಡತಿ ಸಂತೆ ಮಾಡಲು ಆಚೆ ಹೋದಾಗ ಮಗಳಿಗೊಂದು, ತನಗೊಂದು ಮಂಗನ ಟೋಪಿ ಕೊಂಡ. ದೊಡ್ಡದು ತಗೊಂಡರೆ ಬಹಳ ವರ್ಷ ಬಾಳುತ್ತದೆ ಎಂಬ ಜಾಣತನದಲ್ಲಿ ಕೊಂಡದ್ದು, ಅವಳ ಕಣ್ಣಿನ ಮೇಲೆ ಇಳಿಯಿತು. ಕತ್ತಲಾಯಿತೆಂದು ಕಿರುಚಿದವಳು ಟೋಪಿ ಕಿತ್ತೆಸೆದು ಕಣ್ಣು ಬಿಟ್ಟರೆ ಎದುರಿಗೆ ಮಂಗನ ಟೋಪಿ, ಕಪ್ಪು ಕನ್ನಡಕ ತೊಟ್ಟು ಹಲ್ಲು ಕಿರಿಯುತ್ತ ಬಗ್ಗಿದ್ದ ಅಪ್ಪ. ಆಮೇಲಿನ ಅಳುವಿಗೆ ಮೆಣಸಿನಕಾಯಿ ಮಾರುವವಳು ಎದ್ದು ಬಂದು, ಮಗು ಯಾರದು ಎಂದು ಇವನನ್ನೇ ವಿಚಾರಿಸಿದಳು. ತನ್ನದೇ ಎಂದು ನಂಬಿಸಲು ಸಾಕುಸಾಕಾಯಿತು.

ಸಂಕ್ರಮಣಕ್ಕೆ ಮೊದಲು ಉಳಿದದ್ದು ಒಂದೇ ಭಾನುವಾರ. ಸಾಂಖಳಿಯ ಹತ್ತಿರ ಒಂದು ಜಲಪಾತವಿದೆ, ಅದನ್ನು ತೋರಿಸುತ್ತೇನೆ ಎಂದ. "ಈ ಚಳ್ಯಾಗ ನೀರು ನೋಡಾಕ ಹೋಗೂದು ನಿಮಗ ಮಾತ್ರ ಹೊಳೀತೈತಿ," ಎಂದಳು ಹುಲಿಗೆಮ್ಮ. ಆದರೂ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು, ಮಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಹಿಂದೆ ಕೂತಳು.

ದಾರಿಯುದ್ದಕ್ಕೂ ಮಂಜು. ಶಂಕರಲಿಂಗನ ಕಿವಿಯ ಮೇಲೆ ಮಫ್ಲರ್, ಅದರ ಮೇಲೆ ಮಂಗನ ಟೋಪಿ, ಅದರ ಮೇಲೆ ಹೆಲ್ಮೆಟ್. ಲೋಕದ ಸದ್ದೆಲ್ಲ ಅವನಿಗೆ ಎಲ್ಲೋ ದೂರದಿಂದ ಕೇಳುತ್ತಿತ್ತು. ತಲೆಯಲ್ಲಿ ಮಾತ್ರ ಒಂದೇ ಗದ್ದಲ: ಇವತ್ತು ಹೆಂಡತಿಗೆ ಹೇಳಿಯೇಬಿಡಬೇಕು, ಊರಿಗೆ ಹೋಗಬೇಡ ಎಂದು ಕೇಳಿಕೊಳ್ಳಬೇಕು. ಎದುರು ನಿಂತು ಹೇಳುವ ಧೈರ್ಯ ಅವನ ವಂಶದಲ್ಲೇ ಯಾರಿಗೂ ಇರಲಿಲ್ಲ. ಗಾಡಿ ಹೊಡೆಯುತ್ತ ಹೇಳಿದರೆ ಮುಖ ನೋಡುವ ತಾಪತ್ರಯವಿಲ್ಲ.

ಡಿಚೋಲಿ ದಾಟಿದ ಮೇಲೆ ಹುಲಿಗೆಮ್ಮ ಅವನ ಕಿವಿಯ ಹತ್ತಿರ ಬಂದು ಕೂಗಿದಳು, "ನಿಲ್ಲಸ್ರಿ, ಸೀರಿ ಗಾಲಿಗೆ ಬರಾಕತ್ತೈತಿ." ನಿಲ್ಲಿಸಿದ. ಅವಳು ಮಗಳನ್ನು ಶಾಲಿನಲ್ಲಿ ಸುತ್ತಿ ಮುಂದೆ ಪೆಟ್ರೋಲ್ ಟಾಂಕಿಯ ಮೇಲೆ ಕೂರಿಸಿದಳು, ಬುತ್ತಿಯ ಗಂಟು ಹಿಡಿದು ಕೆಳಗಿಳಿದಳು, ಸ್ವಲ್ಪ ತಡೆಯಿರಿ ಎನ್ನುವಂತೆ ಅವನ ಭುಜ ತಟ್ಟಿದಳು.

ಇಲ್ಲಿ ಪಾಯಲಟರ ಒಂದು ರೂಢಿ ಹೇಳಬೇಕು. ಗಿರಾಕಿ ಹತ್ತಿ ಕೂತ ಮೇಲೂ ಭುಜ ತಟ್ಟುತ್ತಾನೆ, ಇಳಿದ ಮೇಲೂ ತಟ್ಟುತ್ತಾನೆ. ಎರಡಕ್ಕೂ ಪಾಯಲಟನ ಉತ್ತರ ಒಂದೇ, ಗಾಡಿ ಬಿಡುವುದು. ಶಂಕರಲಿಂಗ ಗಾಡಿ ಬಿಟ್ಟ. ಬಾಡಿಗೆಗೆ ಕೈ ಚಾಚಲಿಲ್ಲ ಎನ್ನುವುದೊಂದೇ ಪುಣ್ಯ.

ಗಾಡಿ ಹೂವಿನಂತೆ ಓಡಿತು. ತಕ್ಕಡಿಯಂಥ ಮನುಷ್ಯನಿಗೆ ಆಗ ಹೊಳೆದದ್ದೇನೆಂದರೆ, ನಿನ್ನೆ ಆಯಿಲ್ ಬದಲಿಸಿದ್ದು ಒಳ್ಳೆಯದಾಯಿತು. ಆ ಹುರುಪಿನಲ್ಲೇ ಮಾತು ತೆಗೆದ. ಶಾಲಿನ ಗಂಟಾಗಿ ಕೂತ ಮಂಗಲಾ ನಿದ್ದೆ ಹೋಗಿದ್ದಾಳೆಂದೇ ಅವನ ಎಣಿಕೆ.

"ಹುಲಿಗೀ, ಒಂದ ಮಾತು ಹೇಳ್ತೀನಿ, ನಗಬ್ಯಾಡ. ನೀವು ಬರೂಕಿಂತ ಮೊದಲ ಖೋಲ್ಯಾಗ ಜ್ವರ ಬಂದು ಬಿದ್ರ ಗ್ವಾಡಿಗೆ ಹೇಳಬೇಕಿತ್ತು. ಮಂದೀನ್ನೆಲ್ಲಾ ಅವರವರ ಮನಿಗೆ ಮುಟ್ಟಸ್ತೀನಿ, ನನ್ನ ಮನ್ಯಾಗ ನನಗ ಯಾರೂ ಇಲ್ಲ. ಆ ಕೂಸು ನನ್ನ ನೋಡಿ ಯಾವಾಗ ಹೊಕ್ಕಾನ ಅಂತೈತಿ. ಎದಿ ಒಡದಂಗ ಆಕ್ಕೈತಿ ನನಗ. ನಾ ಅದಕ್ಕ ಹೆಂಗ ಮಾತಾಡಸಬೇಕಂತ ಗೊತ್ತಿಲ್ಲ, ಅದಕ್ಕ ಹಡಗಿನ ಸುದ್ದಿ ಹೇಳ್ತೀನಿ. ಹೋಗಬ್ಯಾಡ್ರಿ. ನೀವು ಹೋದ್ರ ನಾ ಇಲ್ಲಿ ಹೆಂಗ ಇರ್ಲಿ?"

ಹಿಂದಿನಿಂದ ಉತ್ತರ ಬರಲಿಲ್ಲ. ಅವಳಿಗೂ ಗಂಟಲು ಕಟ್ಟಿರಬೇಕು ಎಂದುಕೊಂಡ. ತನ್ನ ಕಣ್ಣಲ್ಲಿ ನೀರು ಸುರಿಯುತ್ತಿದ್ದುದಕ್ಕೆ ಎದುರುಗಾಳಿಯೇ ಕಾರಣ ಎಂದೂ ತೀರ್ಮಾನಿಸಿದ.

ಸಾಂಖಳಿ ಬಂತು. ಚಹಾದಂಗಡಿಯ ಮುಂದೆ ನಿಲ್ಲಿಸಿ, "ದೋನ್ ಚಾ, ಏಕ್ ದೂಧ್," ಎಂದ. ಅಂಗಡಿಯವನು ಅವನ ಬೆನ್ನ ಹಿಂದೆ ನೋಡಿ ಕೊಂಕಣಿಯಲ್ಲಿ ಕೇಳಿದ, "ದುಸ್ರೊ ಚಾ ಕೊಣಾಕ್?" ಎರಡನೆಯ ಚಹಾ ಯಾರಿಗೆ ಎಂದು.

ಶಂಕರಲಿಂಗ ತಿರುಗಿ ನೋಡಿದ. ಸೀಟು ಖಾಲಿ. ಎಲ್ಲಿ ಬಿದ್ದಳೋ ಎಂದು ಬಂದ ದಾರಿಯುದ್ದಕ್ಕೂ ಕಣ್ಣು ಹಾಯಿಸಿದ. ಆಗ ಶಾಲಿನೊಳಗಿನಿಂದ ಎರಡು ಕಣ್ಣು ಅವನನ್ನೇ ನೋಡುತ್ತಿದ್ದವು, ನಿದ್ದೆಯ ಸುಳಿವೂ ಇಲ್ಲದೆ.

"ನಿಮ್ಮವ್ವ ಎಲ್ಲಿ?"

"ಇಳದ್ಲು. ನೀ ನಿಲ್ಲಿಸಿದ್ಯಲ್ಲಾ, ಅಲ್ಲಿ."

"ಆವಾಗ ಹೇಳಬಾರದೇನ?"

"ನೀ ಮಾತಾಡಾಕತ್ತಿದ್ದಿ," ಎಂದಳು ಮಂಗಲಾ.

ಮಗಳು ಅವನೊಡನೆ ನೇರವಾಗಿ ಆಡಿದ ಮೊದಲ ಮಾತುಗಳಿವು. ಸಂತೋಷಪಡಲು ಪುರುಸೊತ್ತಿರಲಿಲ್ಲ. ಚಹಾ ಬಿಟ್ಟು, ಗಾಡಿ ತಿರುಗಿಸಿ, ಹೆಂಡತಿಗೆ ಹೇಳಬಹುದಾದ ಸುಳ್ಳುಗಳನ್ನು ಒಂದೊಂದಾಗಿ ಹೊಸೆಯುತ್ತ ಓಡಿಸಿದ. ಒಂದೂ ನಿಲ್ಲುವಂಥದ್ದಾಗಿರಲಿಲ್ಲ.

ಹುಲಿಗೆಮ್ಮ ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದಳು. ಇವನು ಇಳಿದು ತಲೆತಗ್ಗಿಸಿ ನಿಂತ. ಅವಳು ಬಾಯಲ್ಲಿದ್ದದ್ದನ್ನು ನಿಧಾನವಾಗಿ ನುಂಗಿದಳು.

"ಬಾಡಿಗಿ ಮುಗೀತಂತ ಹ್ವಾದ್ರೇನು? ಇರ್ಲಿ. ನಾಳೆ ಬಸ್ಸಿನ್ಯಾಗ ನಾವು ತಾಯಿ ಮಗಳು ಊರಿಗೆ ಹೊಕ್ಕೀವಿ. ನಿಮಗೂ ಬಿಡುವು, ನಮಗೂ ಬಿಡುವು. ಬಾ ಮಂಗಲಾ, ಹಿಂದ ಬಾ."

ಮಂಗಲಾ ಕದಲಲಿಲ್ಲ. "ನೀ ಒಬ್ಬಾಕೀನ ಹೋಗವ್ವಾ. ನಾ ಬರಂಗಿಲ್ಲ. ಅವಗ ಯಾರೂ ಇಲ್ಲ."

"ಯಾರ ಹೇಳಿದ್ರು ನಿನಗ?"

"ಅವನ ಹೇಳ್ದ. ಜ್ವರ ಬಂದ್ರ ಗ್ವಾಡಿಗೆ ಹೇಳಬೇಕಂತ. ನಾವು ಹೋದ್ರ ಹೆಂಗ ಇರ್ಲಿ ಅಂತ ಅಳಾಕತ್ತಿದ್ದ."

ಹುಲಿಗೆಮ್ಮ ಗಂಡನ ಮುಖ ನೋಡಿದಳು. ಹೆಲ್ಮೆಟ್ಟಿನ ಕೆಳಗೆ, ಮಂಗನ ಟೋಪಿಯ ಕೆಳಗೆ, ಮಫ್ಲರಿನ ನಡುವೆ ಉಳಿದದ್ದು ಕೆಂಪು ಮೂಗೊಂದೇ. ಆಮೇಲೆ ಉಳಿದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಸೀರೆ ಬಿಗಿದು, ಹಿಂದೆ ಹತ್ತಿ ಕೂತಳು.

"ಊರಿಗೆ ಹೋಗೂದು ಬ್ಯಾಡ ಬಿಡ್ರಿ," ಎಂದಳು. "ಸಂಕ್ರಮಣ ಇಲ್ಲೇ ಮಾಡೂಣು."

ಶಂಕರಲಿಂಗ ಗಾಡಿ ಹತ್ತಿ, ಹಿಂದೆ ಕೂತವಳಿಗೆ ಕಾಣದ ಹಾಗೆ ಮುಖವನ್ನು ರಸ್ತೆಯ ಕಡೆಗೆ ಗಟ್ಟಿಯಾಗಿ ಹಿಡಿದುಕೊಂಡ. ಟಾಂಕಿಯ ಮೇಲಿದ್ದವಳು ಕತ್ತು ಹೊರಳಿಸಿ ಅವನನ್ನೇ ನೋಡಿದಳು.

"ಅವ್ವಾ," ಎಂದಳು ಮಂಗಲಾ, "ಅಪ್ಪ ಮತ್ತ ಅಳಾಕತ್ತಾನ."